ಟಿಚ್ ಬಟನ್ ಕಿತ್ತು ಬಂದರೆ ತಪ್ಪು ಯಾರದು?

ಟಿಚ್ ಬಟನ್, ಪ್ರೆಸ್ ಬಟನ್, ಒತ್ತುಗುಂಡಿ, ಹೀಗೆ ಒಬ್ಬೊಬ್ಬರು ಒಂದೊಂದು ಹೆಸರು ಬರೆದಿದ್ದೀರಿ. ಎಲ್ಲಾ ಒಂದೇ. ದೂರು ಕೂಡ ಹೆಚ್ಚುಕಮ್ಮಿ ಒಂದೇ: ನಿಲ್ಲಲ್ಲ, ಕಿತ್ತು ಬರುತ್ತೆ. ಈ ಸಲ ಪೂರ್ತಿ ಅದಕ್ಕೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಗುವಿನ ಬನಿಯನ್ ಬಟ್ಟೆಯ ಜಬಲಾಗೆ ಅಂಗಡಿಯಲ್ಲಿ ಲೋಹದ ಟಿಚ್ ಬಟನ್ ಹೊಡೆಸಿದೆ. ಎರಡು ಸಲ ಒಗೆಯುವಷ್ಟರಲ್ಲಿ ಬಟ್ಟೆ ಸಮೇತ ಕಿತ್ತು ಬಂತು. ಇದಕ್ಕಿಂತ ಗಟ್ಟಿ ಬಟನ್ ಯಾವುದು? (ದಾವಣಗೆರೆಯಿಂದ)

ಉತ್ತರ: ಗಟ್ಟಿ ಬಟನ್ ಹಾಕಿದ್ದೇ ತಪ್ಪಾಗಿರೋದು. ನಿಮ್ಮ ಪತ್ರದ ಜೊತೆ ಬಂದ ತುಂಡು ನೋಡಿದೆ. ಬಟನ್ ಏನೂ ಆಗಿಲ್ಲ, ಈಗಲೂ ಟಿಕ್ ಅಂತ ಕೂರುತ್ತದೆ. ಸೋತಿದ್ದು ಬಟ್ಟೆ.

ನಿಮಗೆ ಹಾಕಿರೋದು ಬ್ಯಾಗು, ಜಾಕೆಟ್ಟಿಗೆ ಹಾಕುವ ಜಾತಿ. ಅದರ ಹೆಣ್ಣು ಭಾಗದೊಳಗೆ, ಅಂದರೆ ಗುಳಿ ಇರುವ ಕಡೆ, ಇಣುಕಿ ನೋಡಿ, ಬಳೆಯ ಹಾಗೆ ದುಂಡಗಿನ ಸ್ಪ್ರಿಂಗ್ ಕಾಣುತ್ತದೆ. ಇದು ಸಿಕ್ಕಾಪಟ್ಟೆ ಬಿಗಿ. ಅದರ ಬದಲು ಅಕ್ಕಪಕ್ಕ ಎರಡು ಸಣ್ಣ ತಂತಿ ಕಂಡರೆ ಅದು ಮೃದು ಜಾತಿ, ಶರ್ಟಿಗೆ, ತೆಳು ಬಟ್ಟೆಗೆ ಸರಿಯಾದದ್ದು. ಇನ್ನೊಂದು ವಿಷಯ, ಜಾಕೆಟ್ ಬಟನ್ ಹಾಕಲು ಬಟ್ಟೆಗೆ ತೂತು ಮಾಡಬೇಕು. ಬನಿಯನ್ ಬಟ್ಟೆ ಅಂದರೆ ಹೆಣಿಗೆ ಅಲ್ವಾ, ಒಂದು ಎಳೆ ಕಡಿದರೆ ಸಾಕು, ತೂತು ತಾನಾಗೇ ಹಿಗ್ಗುತ್ತಾ ಹೋಗುತ್ತದೆ.

ಜಬಲಾಗೆ ಬೇಕಾದ್ದು ಹಲ್ಲಿನ ಬಟನ್. ಒಂದು ತೆಳು ಉಂಗುರ, ಅದರ ಸುತ್ತ ಪುಟ್ಟ ಹಲ್ಲುಗಳು. ಹಲ್ಲು ಎಳೆಗಳ ಸಂದಿಯಲ್ಲಿ ತೂರಿ ಆ ಕಡೆ ಮಡಚಿಕೊಳ್ಳುತ್ತದೆ. ತೂತು ಮಾಡುವ ಕೆಲಸವೇ ಇಲ್ಲ. ಆದರೆ ಒಂಟಿ ಪದರಕ್ಕೆ ಹೊಡೆಯಬೇಡಿ. ಎರಡು ಪದರ, ನಡುವೆ ಅಂಟಿಸುವ ತೆಳು ಕ್ಯಾನ್ವಾಸ್ ಇರಲಿ. ತೀರಾ ತೆಳುವಾದರೆ ಹಲ್ಲಿಗೆ ಹಿಡಿತ ಸಿಗಲ್ಲ, ತೀರಾ ದಪ್ಪವಾದರೆ ಹಲ್ಲು ಪೂರ್ತಿ ಮಡಚಲ್ಲ. ಹಾಗೆ ಅರ್ಧ ಮಡಚಿದ ಹಲ್ಲು ಮಗುವಿನ ಮೈ ಗೀರುತ್ತದೆ. ಹಾಕಿದ ಮೇಲೆ ಬೆರಳಿನಿಂದ ಸುತ್ತ ಸವರಿ ನೋಡಿ, ಪ್ರತಿ ಬಟನ್ನೂ ಜೋರಾಗಿ ಎಳೆದು ನೋಡಿ. ಬಿಟ್ಟು ಬಂದ ಬಟನ್ ನೆಟ್ಟಗೆ ಹೋಗುವುದು ಮಗುವಿನ ಬಾಯಿಗೆ.

(ನಾನೂ ಇದೇ ತಪ್ಪು ಮಾಡಿದ್ದೇನೆ. ಅಂಗಡಿ ಶುರು ಮಾಡಿದ ವರ್ಷ ಹನ್ನೆರಡು ಜಬಲಾಗೆ ಪರ್ಸಿನ ಬಟನ್ ಹೊಡೆದು, ಹನ್ನೆರಡನ್ನೂ ಹೊಸದಾಗಿ ಹೊಲಿದುಕೊಟ್ಟೆ. ದುಡ್ಡು ಕೇಳೋ ಮುಖ ಇರಲಿಲ್ಲ.)

ಪ್ರಶ್ನೆ: ಬ್ಲೌಸಿಗೆ ಹುಕ್ಕಿನ ಬದಲು ಟಿಚ್ ಬಟನ್ ಹಾಕಿಸಬಹುದಾ? ಹಾಕಿಕೊಳ್ಳೋಕೆ ಸುಲಭ. ಆದರೆ ನಮ್ಮ ಟೈಲರ್ ಬೇಡ ಅಂತಾರೆ. (ಹಾಸನದಿಂದ)

ಉತ್ತರ: ನಿಮ್ಮ ಟೈಲರ್ ಸರಿಯಾಗಿಯೇ ಹೇಳಿದ್ದಾರೆ. ಒಂದು ಟಿಚ್ ಬಟನ್ ಒತ್ತಿ ಮುಚ್ಚಿ, ಎರಡು ಕಡೆಯಿಂದ ಅಡ್ಡಕ್ಕೆ ಎಳೆದು ನೋಡಿ. ಅಷ್ಟು ಸುಲಭಕ್ಕೆ ಬಿಡಲ್ಲ. ಈಗ ಅಂಚಿಗೆ ಉಗುರು ಹಾಕಿ ಎಬ್ಬಿಸಿ. ಟಿಕ್, ಬಂತು. ಟಿಚ್ ಬಟನ್ ಎಲ್ಲಿ ಹಾಕಬೇಕು, ಎಲ್ಲಿ ಬೇಡ ಅನ್ನೋದು ಇಷ್ಟರಲ್ಲೇ ಇದೆ: ಅಡ್ಡ ಎಳೆತ ತಡೆಯುತ್ತೆ, ಎಬ್ಬಿಸಿದರೆ ಬಿಡುತ್ತೆ. ಮೈಗೆ ಬಿಗಿಯಾದ ಬ್ಲೌಸಿನಲ್ಲಿ ಕೂತಾಗ, ಬಗ್ಗಿದಾಗ ಮುಂದಿನ ಪಟ್ಟಿ ಸುಕ್ಕಾಗಿ ಮೇಲೇಳುತ್ತೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ನಡುವಿನದೊಂದು ಬಿಚ್ಚಿಕೊಂಡರೆ ಫಜೀತಿ. ಎಳೆತ ಇರುವಲ್ಲಿ ಹುಕ್ಕೇ ಇರಲಿ. ಎರಡು ಹುಕ್ಕಿನ ಸಂದಿಯಲ್ಲಿ ಪಟ್ಟಿ ಬಾಯಿ ಬಿಡದ ಹಾಗೆ ಆರೇಳು ಮಿಲಿಮೀಟರಿನ ಪುಟ್ಟ ಟಿಚ್ ಬಟನ್ ಹೊಲಿಸಿ. ಭುಜದ ಒಳಗೆ ಬ್ರಾ ಪಟ್ಟಿ ಹಿಡಿಯುವ ಲೂಪಿಗೂ ಅದೇ ಸಾಕು.

ಮನೆಯಲ್ಲೇ ಹೊಲಿಯುವುದಾದರೆ ಗಂಡು ಭಾಗವನ್ನು ಮೇಲೆ ಬರುವ ಪಟ್ಟಿಯ ಒಳಮೈಗೆ ಮೊದಲು ಹೊಲಿಯಿರಿ. ಅದರ ತುದಿಗೆ ಸೀಮೆಸುಣ್ಣ ಸವರಿ ಕೆಳಗಿನ ಪಟ್ಟಿಗೆ ಒತ್ತಿ. ಬಿಳಿ ಚುಕ್ಕೆ ಬಿದ್ದಲ್ಲಿ ಹೆಣ್ಣು ಭಾಗ. ಟೇಪಿನಲ್ಲಿ ಅಳೆಯುತ್ತಾ ಕೂತರೆ ಒಂದೆರಡು ನೂಲು ಆಚೀಚೆ ಆಗಿಯೇ ಆಗುತ್ತೆ.

ಪ್ರಶ್ನೆ: ಮಳೆಗಾಲದಲ್ಲಿ ಮಕ್ಕಳ ರೇನ್‌ಕೋಟು, ಬ್ಯಾಗಿನ ಬಟನ್ ಎಲ್ಲಾ ತುಕ್ಕು ಹಿಡಿದು ಬಟ್ಟೆಗೆ ಕೆಂಪು ಕಲೆ. ಅಂಗಡಿಯಲ್ಲಿ ಕೇಳಿದರೆ ಎಲ್ಲದಕ್ಕೂ ಹಿತ್ತಾಳೆ ಅಂತಾರೆ. (ಕುಂದಾಪುರದಿಂದ)

ಉತ್ತರ: ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ. ಬಟನ್ ಅದಕ್ಕೆ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಹಿತ್ತಾಳೆ ಅಂಟಲ್ಲ. ನಾಲ್ಕೂ ಭಾಗಕ್ಕೆ ಹಿಡಿದು ನೋಡಿ, ಕೆಲವರು ಹೊರಗೆ ಕಾಣುವ ಟೋಪಿ ಮಾತ್ರ ಹಿತ್ತಾಳೆ ಕೊಟ್ಟು ಉಳಿದದ್ದು ಕಬ್ಬಿಣ ಹಾಕಿರ್ತಾರೆ. ಹಿತ್ತಾಳೆಗೂ ಕಿಲುಬು ಬರುತ್ತೆ, ಆದರೆ ತುಕ್ಕಿನ ಹಾಗೆ ತಿಂದುಕೊಂಡು ಹೋಗಲ್ಲ. ನಿಮ್ಮ ಕಡೆಯ ಮಳೆಗೆ, ಉಪ್ಪು ಗಾಳಿಗೆ ನನ್ನ ಓಟು ಪ್ಲಾಸ್ಟಿಕ್ಕಿಗೆ. ಹೊಕ್ಕುಳ ಹತ್ತಿರ ಲೋಹದ ಬಟನ್ ತಾಗಿ ತುರಿಕೆ ಆಗುತ್ತೆ ಅಂತ ಬರೆದವರಿಗೂ ಅದೇ ಉತ್ತರ. ಅದು ಹೆಚ್ಚಾಗಿ ನಿಕಲ್ ಲೇಪದ ಅಲರ್ಜಿ. ಬಟನ್ ಬದಲಿಸೋಕೆ ಆಗದಿದ್ದರೆ ಹಿಂದೆ ಒಂದು ತುಂಡು ಹತ್ತಿ ಬಟ್ಟೆ ಹೊಲಿದುಬಿಡಿ.

ಪ್ರಶ್ನೆ: ಪ್ಲಾಸ್ಟಿಕ್ ಬಟನ್ ಇಸ್ತ್ರಿಗೆ ತಡೆಯುತ್ತದಾ? (ಮೈಸೂರಿನಿಂದ)

ಉತ್ತರ: ಇಲ್ಲ. ಹತ್ತಿ ಬಟ್ಟೆಗೆ ಇಡುವ ಬಿಸಿ ಸುಮಾರು 200 ಡಿಗ್ರಿ, ಈ ಪ್ಲಾಸ್ಟಿಕ್ 170ರ ಆಸುಪಾಸಿನಲ್ಲೇ ಕರಗುತ್ತದೆ. ಸುತ್ತ ಇಸ್ತ್ರಿ ಮಾಡಿ.

ಪ್ರಶ್ನೆ: ಮಗ ಅಮೆರಿಕದಿಂದ ಕೌಬಾಯ್ ಶರ್ಟ್ ತಂದಿದ್ದಾನೆ. ಪೂರ್ತಿ ಟಿಚ್ ಬಟನ್. ಜೋರಾಗಿ ಎಳೆದರೆ ಒಂದೇ ಏಟಿಗೆ ಸರಕ್ಕನೆ ಎಲ್ಲಾ ಬಿಚ್ಚಿಕೊಳ್ಳುತ್ತೆ. ಕಳಪೆ ಮಾಲಾ? (ಬೆಂಗಳೂರಿನಿಂದ)

ಉತ್ತರ: ಅಯ್ಯೋ, ಅದು ಬಿಚ್ಚಿಕೊಳ್ಳಲಿ ಅಂತಲೇ ಮಾಡಿದ್ದು! ಟಿಚ್ ಬಟನ್ನಿಗೆ ಪೇಟೆಂಟ್ ಪಡೆದವರು ಜರ್ಮನಿಯ ಹೆರಿಬರ್ಟ್ ಬೌವರ್, 1885ರಲ್ಲಿ, ಅದೂ ಗಂಡಸರ ಪ್ಯಾಂಟಿಗೆ. ಅದನ್ನು ಕೌಬಾಯ್ ಶರ್ಟಿಗೆ ತಂದ ಹೆಸರು ಡೆನ್ವರಿನ ಜ್ಯಾಕ್ ವೈಲ್ ಅವರದ್ದು. 1946ರಲ್ಲಿ ರಾಕ್‌ಮೌಂಟ್ ಅನ್ನೋ ಕಂಪನಿ ಶುರು ಮಾಡಿದವರು, 107 ವರ್ಷ ಬದುಕಿದರು. ಶರ್ಟು ಕುದುರೆಯ ಜೀನಿಗೋ ಬೇಲಿಗೋ ಸಿಕ್ಕಿಹಾಕಿಕೊಂಡರೆ ಮನುಷ್ಯನೂ ಜೊತೆಗೆ ಎಳೆದುಕೊಂಡು ಹೋಗಬಾರದು, ಶರ್ಟು ತೆರೆದುಕೊಂಡು ಬಿಟ್ಟುಬಿಡಬೇಕು, ಅದು ಲೆಕ್ಕ. ನಿಮ್ಮ ಮಗನಿಗೆ ಬೇಲಿ ಹಾರುವ ಕೆಲಸ ಇಲ್ಲದಿದ್ದರೂ ಶರ್ಟು ಚೆನ್ನಾಗಿದೆ, ಹಾಕಿಕೊಳ್ಳಲಿ.

ಪ್ರಶ್ನೆ: ಬಟನ್ ಹೊಡೆಯುವ ಇಕ್ಕಳ ಕೊಳ್ಳಬೇಕಾ, ಸುತ್ತಿಗೆ ಸಾಲದಾ? (ಶಿರಸಿಯಿಂದ)

ಉತ್ತರ: ಪ್ಲಾಸ್ಟಿಕ್ ಬಟನ್ನಿಗೆ ಇಕ್ಕಳವೇ ಬೇಕು, ಸುತ್ತಿಗೆ ಏಟಿಗೆ ಒಡೆಯುತ್ತೆ. ಲೋಹದ್ದಕ್ಕೆ ಸುತ್ತಿಗೆ ಸಾಕು, ಆದರೆ ಬಟನ್ ಕೂರಿಸಿ ಹೊಡೆಯೋಕೆ ಆ ಸೈಜಿನದೇ ಅಚ್ಚು ಇರಲಿ. ಚಿಕ್ಕಪೇಟೆಯಂಥ ಕಡೆ ಕೊಳ್ಳುವಾಗ ಬಟನ್, ಅಚ್ಚು ಎರಡನ್ನೂ ಒಂದೇ ಅಂಗಡಿಯಲ್ಲಿ ತೆಗೆದುಕೊಳ್ಳಿ, ಹಾಕುವ ಬಟ್ಟೆಯ ತುಂಡೊಂದನ್ನು ಜೊತೆಗೆ ಒಯ್ದು ಅಲ್ಲೇ ಒಂದು ಹೊಡೆಸಿ ನೋಡಿ. ಒಂದು ಬಟನ್ನಿಗೆ ಯಾವ ಅಂಗಡಿಯವರೂ ಗೊಣಗಲ್ಲ. ಗೊಣಗಿದರೆ ಪಕ್ಕದಂಗಡಿ ಇದ್ದೇ ಇದೆ.