ಸಿ ಶಾರ್ಪ್‌ಗೆ ಮೊದಲಿನ ಉಸಿರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ನುಡಿಸುವಾಗಿನ ಹೆದರಿಕೆಗೆ ನನ್ನ ಸಲಹೆ ಕೇಳಿದ ಅವರು ಬೆಂಗಳೂರಿನವರು. ಮೂವತ್ತರ ಆಸುಪಾಸು. ಜರ್ಮನಿಯ ಒಂದು ಆರ್ಕೆಸ್ಟ್ರಾದಲ್ಲಿ ಫ್ಲೂಟ್ ನುಡಿಸುತ್ತಾರೆ. ವಿಡಿಯೊ ಕಾಲ್‌ನಲ್ಲಿ ಮೊದಲು ಹೇಳಿದ್ದು, "ಮೇಡಂ, ಜರ್ಮನ್‌ನಲ್ಲಿ ಎಲ್ಲಾ ಮಾತಾಡ್ತೀನಿ, ಇದೊಂದು ಬಾಯಿಗೆ ಬರಲ್ಲ."

ಅಲ್ಲಿ ಆಯ್ಕೆಯಾದ ತಕ್ಷಣ ಕೆಲಸ ಕಾಯಂ ಆಗುವುದಿಲ್ಲ. ಸಾಮಾನ್ಯವಾಗಿ ಒಂದು ವರ್ಷ ಪ್ರೊಬೇಷನ್. ಕೊನೆಗೆ ಜೊತೆಯಲ್ಲಿ ನುಡಿಸುವವರೇ ಮತ ಹಾಕುತ್ತಾರೆ. ಪಕ್ಕದ ಕುರ್ಚಿಯವರೇ ತೀರ್ಪು ಕೊಡುವವರು ಅಂದರೆ ಯಾರ ಹತ್ತಿರ ಕಷ್ಟ ಹೇಳಿಕೊಳ್ಳುವುದು, ಅಲ್ವಾ? ಇವರಿಗೆ ಆಗ ಏಳನೇ ತಿಂಗಳು.

ಫ್ರೆಂಚ್ ಸಂಗೀತಗಾರ ಡೆಬುಸಿ 1894ರಲ್ಲಿ ಮುಗಿಸಿದ 'ಫಾನ್' ಪ್ರೆಲ್ಯೂಡ್ ಎಂಬ ಆರ್ಕೆಸ್ಟ್ರಾ ಕೃತಿ ಶುರುವಾಗುವುದೇ ಒಂಟಿ ಫ್ಲೂಟ್‌ನಿಂದ. ಮೊದಲ ಸ್ವರ ಸಿ ಶಾರ್ಪ್. ಅದಕ್ಕೆ ಬಲಗೈ ಕಿರುಬೆರಳೊಂದು ಬಿಟ್ಟು ಉಳಿದ ಬೆರಳುಗಳೆಲ್ಲ ಕೀ ಬಿಟ್ಟು ಮೇಲೆದ್ದಿರುತ್ತವೆ. ಕೊಳವೆಯ ಮೇಲೆ ಹಿಡಿತ ಕಮ್ಮಿ, ಶ್ರುತಿ ಏರಿಬಿಡುತ್ತದೆ. ತುಟಿ ಚೂರು ನಡುಗಿದರೂ ಸಭೆಗೆಲ್ಲ ಕೇಳುತ್ತದೆ. ಆ ಮೊದಲ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸುವುದು ಅನೇಕರಿಗೆ ಮರ್ಯಾದೆಯ ಪ್ರಶ್ನೆ.

ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸುವಾಗ ಇವರ ಉಸಿರು ಅರ್ಧಕ್ಕೇ ಮುಗಿದುಹೋಯಿತು. ಯಾರೂ ಒಂದು ಮಾತೂ ಆಡಲಿಲ್ಲ. ಅದೇ ಇವರನ್ನು ಜಾಸ್ತಿ ತಿಂದಿತು. ಆಮೇಲೆ ದಿನಕ್ಕೆ ನಲವತ್ತು ಸಲ ಅದೇ ಸಾಲು. ಬೇರೆ ಕೃತಿಗಳಲ್ಲೂ ಕೈ ತಣ್ಣಗಾಗತೊಡಗಿತು.

ಫ್ಲೂಟ್ ಎತ್ತಿ ತೋರಿಸಿ ಅಂದೆ. ಭುಜ ಕಿವಿಯ ಹತ್ತಿರ ಬಂತು. ಎದೆ ತುಂಬ ಗಾಳಿ ಎಳೆದುಕೊಂಡು, ನಾಲ್ಕೈದು ಸೆಕೆಂಡ್ ಬಿಗಿಹಿಡಿದು, ಆಮೇಲೆ ಊದಿದರು. ಸಾಲು ಶುರುವಾಗುವ ಮೊದಲೇ ದಣಿದಿದ್ದರು. ನಾನು ಫ್ಲೂಟ್ ಬಲ್ಲವಳಲ್ಲ. ಆದರೆ ಹೆದರಿದವರ ಉಸಿರು ಗೊತ್ತು.

ನಡುಕ ನಿಲ್ಲಿಸಲು ಹೋಗಬೇಡಿ, ನಡುಗುತ್ತಲೇ ನುಡಿಸಿ ರೂಢಿ ಮಾಡಿಕೊಳ್ಳಿ ಅಂದೆ. ಎರಡು ಮಹಡಿ ಹತ್ತಿಳಿದು, ಎದೆ ಡವಗುಟ್ಟುವಾಗಲೇ ಆ ಸಾಲು ನುಡಿಸಿ. ದಿನಕ್ಕೆ ಐದೇ ಸಲ. ಮೊದಲು ಉಸಿರು ಪೂರ್ತಿ ಬಿಡಿ. ಆಮೇಲೆ ಎಳೆದುಕೊಂಡು, ತಡೆಯದೆ ಊದಿ. ಮಧ್ಯೆ ಉಸಿರು ಬೇಕಾದರೆ ಎಲ್ಲಿ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಡಿ.

ಗೆಳತಿಯೊಬ್ಬಳು ಕೊಟ್ಟ, ಎದೆಬಡಿತ ಮತ್ತು ನಡುಕ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಪರ್ಸಿನಲ್ಲಿತ್ತು. ಚಿಕ್ಕಂದಿನಲ್ಲಿ ಅಸ್ತಮಾ ಇತ್ತು ಅಂತ ಮಾತಿನ ನಡುವೆ ಹೇಳಿದ್ದರು. ಅಸ್ತಮಾ ಇರುವವರಿಗೆ ಆ ಮಾತ್ರೆ ಶ್ವಾಸನಾಳ ಬಿಗಿಸಬಹುದು. ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ ಅಂತ ಗಟ್ಟಿಯಾಗಿಯೇ ಹೇಳಿದೆ.

ಇನ್ನೊಂದು ಕೆಲಸ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು: ಪಕ್ಕದಲ್ಲಿ ಎರಡನೇ ಫ್ಲೂಟ್ ನುಡಿಸುವ ಹಿರಿಯರ ಹತ್ತಿರ ಮಾತಾಡುವುದು. ಮೂರು ವಾರ ಮುಂದೂಡಿದರು. ಕೊನೆಗೊಂದು ದಿನ ಕ್ಯಾಂಟೀನಿನಲ್ಲಿ ಹೇಳಿಕೊಂಡರಂತೆ. ಆ ಹಿರಿಯರು ಅದೇ ಕೃತಿಯ ತಮ್ಮ ಹಳೇ ಸ್ವರಲಿಪಿ ಹಾಳೆ ತಂದು ತೋರಿಸಿದರು. ಮೂರನೇ ಬಾರ್‌ನಲ್ಲಿ (ಸ್ವರಲಿಪಿಯಲ್ಲಿ ಗೆರೆ ಎಳೆದು ಮಾಡಿದ ತಾಳದ ಭಾಗ) ಉಸಿರಿನ ಗುರುತು, ಎರಡೆರಡು ಸಲ ತಿದ್ದಿದ್ದು.

ಮತದಾನಕ್ಕೆ ಇನ್ನೂ ಎರಡು ತಿಂಗಳಿದೆ. ಹದಿನೈದು ದಿನಕ್ಕೊಮ್ಮೆ ಮಾತಾಡುತ್ತಿದ್ದೇವೆ.