ಓಟಿಜಿ ಒಳಗೆ ನೀರು ಸುರಿಯಬೇಡಿ, ಬಾಣಲೆ ಬೋರಲು ಹಾಕಿ

ಬ್ರೆಡ್ ಗರಿಗರಿ ಆಗೋಕೆ ಓಟಿಜಿ (ಮೇಜಿನ ಮೇಲಿಡೋ ಸಣ್ಣ ಕರೆಂಟ್ ಓವನ್) ಒಳಗೆ ಹಬೆಗೆ ಎಷ್ಟು ನೀರು ಸುರಿಯಬೇಕು ಅಂತ ಕೇಳಿದ್ದೀರಲ್ಲ, ಒಂದು ತೊಟ್ಟೂ ಬೇಡ. ಬ್ರೆಡ್ ಮೆಷಿನ್‌ನಲ್ಲಿ ಕಲಸಿದ ಹಿಟ್ಟು, ಓಟಿಜಿಯಲ್ಲಿ ಬೇಯಿಸಿದರೆ ಬನ್ನಿನ ಥರ ಮೆತ್ತಗೆ, ಗರಿಗರಿ ಆಗಲ್ಲ, ದೊಡ್ಡ ಓವನ್ ತಗೊಳ್ಳೋದಾ... ಇದೇ ಪ್ರಶ್ನೆ ಹೊತ್ತುಕೊಂಡು ನಾನೂ ಓಡಾಡಿದವನೇ.

ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. ಬೆಂಗಳೂರಿನ ತಂಗಿ ಮನೆ ಬದಲಿಸುವಾಗ ಅವಳ ಬ್ರೆಡ್ ಮೆಷಿನ್ ನಮ್ಮ ಮನೆಗೆ ಬಂತು. ಪುಷ್ಯ ಮಳೆ ಹಿಡಿದಿತ್ತು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋಕೂ ಹೊಳವಾಗದ ಮಳೆ. ಸುಮ್ನೆ ಕೂರೋದಕ್ಕಿಂತ ಬ್ರೆಡ್ ಆದರೂ ಮಾಡೋಣ ಅಂತ ಶುರು ಮಾಡಿದೆ. ನಾಲ್ಕು ಸಲ ಮೆತ್ತಗಾಯ್ತು. ಬೇಕರಿಯವರು ಹಬೆ ಕೊಡ್ತಾರೆ, ಮನೆಯಲ್ಲಿ ಕಾದ ಟ್ರೇಗೆ ಅರ್ಧ ಕಪ್ ನೀರು ಎರಚಿದರೆ ಸಾಕು ಅಂತ ಎಲ್ಲೋ ಓದಿದೆ. ಐದನೇ ಸಲ ಎರಚಿದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಅದನ್ನು ಬರೆದವರ ಮನೆಯ ಓವನ್ ಬೇರೆ, ನಮ್ಮ ಓಟಿಜಿ ಬೇರೆ. ಓಟಿಜಿ ಬಾಗಿಲಿಗೆ ಕೀಲು ಇರೋದು ಕೆಳಗೆ. ತೆರೆದರೆ ಗಾಜು ನಿಮ್ಮ ಮುಂದೆ ಮಣೆ ಹಾಸಿದ ಹಾಗೆ ಅಂಗಾತ ಮಲಗುತ್ತೆ. ಒಳಗಿನ ಟ್ರೇಗೆ ನೀರು ಹಾಕಬೇಕು ಅಂದ್ರೆ ಆ ಗಾಜಿನ ಮೇಲಿಂದಲೇ ಕೈ ಚಾಚಬೇಕು. ನನ್ನ ಕೈಯಲ್ಲಿದ್ದದ್ದು ಸ್ಟೀಲ್ ಚೊಂಬು, ಚೊಂಬಿನಲ್ಲಿ ಆಗಷ್ಟೇ ಸೇದಿದ ಬಾವಿ ನೀರು, ಓಟಿಜಿ ಒಳಗೆ 230 ಡಿಗ್ರಿ. ಚೊಂಬಿಗೆ ಮೂತಿ ಇಲ್ಲ. ಬಗ್ಗಿಸಿದ ತಕ್ಷಣ ಅರ್ಧ ನೀರು ಟ್ರೇಗೆ ಹೋಯ್ತು, ಒಂದಿಷ್ಟು ಅಂಚಿನಿಂದ ಇಳಿದು ಗಾಜಿನ ಮೇಲೆ ಬಿತ್ತು. ಮೊದಲು ಚುಂಯ್ ಅಂತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಟಪ್! ಇಡೀ ಗಾಜು ಕಲ್ಲುಸಕ್ಕರೆ ಚೂರಿನ ಹಾಗೆ ನೆಲದ ತುಂಬಾ. ಕೆಳಗಿನ ಕಾದ ಸರಳಿಗೂ ನೀರು ಹಾರಿ ಮನೆಯ ಕರೆಂಟೂ ಹೋಯ್ತು. ಬ್ರೆಡ್ಡಿನ ಮೇಲೂ ಚೂರು ಕೂತಿತ್ತು, ದನಕ್ಕೆ ಹಾಕೋ ಹಾಗೂ ಇಲ್ಲ, ಗುಂಡಿ ತೋಡಿ ಹೂತೆ. ಶಿವಮೊಗ್ಗದಲ್ಲಿ ವಿಚಾರಿಸಿದರೆ ಆ ಗಾಜು ಬಿಡಿಯಾಗಿ ಸಿಗಲ್ಲ ಅಂದರು. ಮೂರು ತಿಂಗಳು ಅಮ್ಮ ಅದರೊಳಗೆ ಹಪ್ಪಳದ ಡಬ್ಬ ಇಟ್ಟಿದ್ದಳು. ಕೊನೆಗೆ ಹೊಸದೇ ತಗೊಂಡೆ, ಅದೂ ಅದೇ ಅಳತೆಯದ್ದು.

ಗಾಜು ಉಳಿದಿದ್ದರೂ ಪ್ರಯೋಜನ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಓಟಿಜಿ ಬಾಗಿಲು ಬಿಗಿಯಾಗಿ ಕೂರೋದಿಲ್ಲ, ಹಬೆ ಸಂದಿಯಿಂದ ಬೇಗ ಹೊರಗೆ ಹೋಗುತ್ತೆ. ಹಬೆ ಬೇಕಾಗಿರೋದು ಮೊದಲ 15-20 ನಿಮಿಷ. ಅಷ್ಟು ಹೊತ್ತು ಹಿಟ್ಟಿನ ಮೇಲ್ಮೈ ಒದ್ದೆಯಾಗಿದ್ದರೆ ಅದು ಬಿಗಿಯದೆ ಉಬ್ಬುತ್ತೆ. ಆಮೇಲೆ ಒಣಗಿ ಗಟ್ಟಿಯಾಗಬೇಕು. ಕಡುಬಿಗಾದರೆ ಹಬೆ ಕೆಳಗಿಂದ ಬರಬೇಕು, ಇದಕ್ಕೆ ಹಿಟ್ಟಿನೊಳಗಿನ ನೀರೇ ಸಾಕು, ಹೊರಗೆ ಹೋಗದ ಹಾಗೆ ಮುಚ್ಚಿದರೆ ಆಯ್ತು.

ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಂಡಿದ್ದ ಬೀಡಿನ (ಎರಕದ ಕಬ್ಬಿಣದ) ಬಾಣಲೆ ಒಂದಿತ್ತು, ಅದೇ ಅಳತೆಯದ್ದು ಇನ್ನೊಂದು ತಂದೆ. ಎರಡನ್ನೂ ಖಾಲಿಯಾಗಿ 230 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ. ಒಂದಕ್ಕೆ ಕಡುಬಿನ ಅಕ್ಕಿತರಿ ಒಂದು ಚಿಟಿಕೆ ಉದುರಿಸಿ ಹಿಟ್ಟು ಇಳಿಸಿ, ಬ್ಲೇಡಿನಿಂದ ಮೇಲೆ ಒಂದು ಗೀರು ಹಾಕಿ, ಇನ್ನೊಂದನ್ನು ಬೋರಲು ಮುಚ್ಚಿ. (ಬಾಳೆಲೆ ಹಾಸಿಯೂ ನೋಡಿದ್ದೇನೆ. ಘಮ ಚೆನ್ನಾಗಿತ್ತು, ಎಲೆ ಮಾತ್ರ ಇದ್ದಿಲಾಯ್ತು.) 20 ನಿಮಿಷಕ್ಕೆ ಮೇಲಿನದ್ದು ತೆಗೆದು ಇನ್ನೂ 20-25 ನಿಮಿಷ ಬಿಡಿ. ಜೇನಿನ ಬಣ್ಣಕ್ಕೆ ತೆಗೆಯಬೇಡಿ, ಕಂದು ತಿರುಗಲಿ. ಬಟ್ಟೆ ದಪ್ಪ ಇರಲಿ, ಬೀಡು ಸುಟ್ಟರೆ ಒಂದು ವಾರ ನೆನಪಿರುತ್ತೆ.

ಇನ್ನು ಮೆಷಿನ್ ವಿಷಯ. ಅದನ್ನು ಬೈಯಬೇಡಿ, ಪುಸ್ತಕದಲ್ಲಿರೋ ಅಳತೆಯನ್ನು ಬೈಯಿರಿ. ಈ ಮೆಷಿನ್ ಹುಟ್ಟಿದ್ದು ಜಪಾನಿನಲ್ಲಿ, 1980ರ ದಶಕದಲ್ಲಿ, ಮೆತ್ತನೆ ಬ್ರೆಡ್ ತಿನ್ನೋರ ಮನೆಗಳಿಗೆ. ಜೊತೆಗೆ ಬರೋ ಪುಸ್ತಕದಲ್ಲಿ ಹಾಲಿನ ಪುಡಿ, ಸಕ್ಕರೆ, ಬೆಣ್ಣೆ. ಮೂರೂ ಬ್ರೆಡ್ಡನ್ನು ಮೆತ್ತಗೆ ಮಾಡೋವೇ. ಅಷ್ಟೆಲ್ಲ ಹಾಕಿ ಗರಿಗರಿ ಆಗ್ಲಿಲ್ಲ ಅಂದ್ರೆ ಯಾವ ಓವನ್ ಏನು ಮಾಡೀತು? ನನ್ನದು 400 ಗ್ರಾಂ ಮೈದಾ, 260 ಗ್ರಾಂ ನೀರು, 8 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಈಸ್ಟ್, ಅಷ್ಟೇ. ಮಳೆಗಾಲದಲ್ಲಿ ಮೈದಾವೇ ಥಂಡಿ ಎಳೆದಿರುತ್ತೆ, ನೀರು ಒಂದೆರಡು ಚಮಚ ಕಡಿಮೆ ಹಾಕಿ. ಹಿಟ್ಟು ಕಲಸುವ ಸೆಟ್ಟಿಂಗ್ ನನ್ನ ಮೆಷಿನ್‌ನಲ್ಲಿ ಒಂದೂವರೆ ಗಂಟೆ. ಮುಗಿದ ಕೂಡಲೇ ಹೊರಗೆ ತೆಗೆಯಿರಿ, ಒಳಗಿನ ಬಿಸಿಗೆ ಹುಳಿಯಾಗುತ್ತೆ. ಉಂಡೆ ಕಟ್ಟಿ, ಬಟ್ಟೆ ಮುಚ್ಚಿ, ಬೆರಳಲ್ಲಿ ಒತ್ತಿದ ಗುಳಿ ನಿಧಾನಕ್ಕೆ ಮೇಲೆ ಬರುವವರೆಗೆ ಬಿಡಿ. ಬೇಸಿಗೆಯಲ್ಲಿ ಅರ್ಧ ಗಂಟೆ, ಈ ಚಳಿ ಮಳೆಯಲ್ಲಿ ಒಂದು ಗಂಟೆಯೂ ಆಗಬಹುದು. ಕಲಸುವಾಗ ಕರೆಂಟ್ ಹೋದರೆ ಮತ್ತೆ ಶುರು ಮಾಡಿ, ಉಬ್ಬುವಾಗ ಹೋದರೆ ಹಾಗೇ ಇರಲಿ.

ಬೆಳಗ್ಗೆ ಗರಿಗರಿ ಇದ್ದದ್ದು ಸಂಜೆ ಮೆತ್ತಗಾಗುತ್ತೆ ಅಂತಲೂ ಬರೆದಿದ್ದೀರಿ. ಆಗಸ್ಟಿನಲ್ಲಿ ಇಲ್ಲಿ ಹಪ್ಪಳವೇ ಡಬ್ಬದಲ್ಲಿ ಮೆತ್ತಗಾಗುತ್ತೆ, ಬ್ರೆಡ್ ಯಾವ ಲೆಕ್ಕ? 180 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಿ, ಜೋನಿಬೆಲ್ಲ ಹಚ್ಚಿಕೊಂಡು ತಿನ್ನಿ.

ದೊಡ್ಡ ಓವನ್ ದುಡ್ಡು ಉಳಿಸಿಕೊಳ್ಳಿ. ಬಾಣಲೆ ತರೋ ಮೊದಲು ಮಾತ್ರ ಓಟಿಜಿ ಒಳಗಿನ ಎತ್ತರ ಅಳೆದುಕೊಳ್ಳಿ, ಬೋರಲು ಹಾಕಿದ್ದು ಮೇಲಿನ ಸರಳಿಗೆ ತಾಗಬಾರದು. ನನ್ನದರಲ್ಲಿ ಎರಡು ಬೆರಳು ಜಾಗ ಉಳಿದಿದೆ.