ಮೂರು ಕಪ್ ಅನಾನಸ್ ಅಂದರೆ ಎಷ್ಟು ಕಿಲೋ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಬನವಾಸಿ ಕಡೆಯ ಅನಾನಸ್ ಅಗ್ಗಕ್ಕೆ ಸಿಕ್ಕಿತು ಅಂತ ಜಾಮ್ ಮಾಡಿದೆ. ಇಂಗ್ಲಿಷ್ ಪುಸ್ತಕದಲ್ಲಿ ಇದ್ದದ್ದು 3 ಕಪ್ ಹೆಚ್ಚಿದ ಹಣ್ಣು, ಒಂದೂವರೆ ಕಪ್ ಸಕ್ಕರೆ. ಹೆಚ್ಚುತ್ತಾ ಕೂರುವುದು ಯಾಕೆ ಅಂತ ಮಿಕ್ಸಿಯಲ್ಲಿ ತಿರುಗಿಸಿ ಅದನ್ನೇ 3 ಕಪ್ ಅಳೆದೆ. ಜಾಮ್ ನೀರಾಗಿಯೇ ಉಳಿಯಿತು, ಹತ್ತು ದಿನಕ್ಕೆ ಬೂಸ್ಟು ಬಂತು. ಸಂತೆಯಲ್ಲಿ ಹಣ್ಣು ಕೊಳ್ಳುವುದು ಕಿಲೋ ಲೆಕ್ಕದಲ್ಲಿ. ಕಪ್ಪನ್ನು ತೂಕಕ್ಕೆ ತರುವುದು ಹೇಗೆ?

ಉತ್ತರ: ನೀವು ಅಳೆದದ್ದು ಸರಿಯಾಗಿಯೇ ಇತ್ತು, ಆದರೆ ಕಪ್ಪಿನೊಳಗಿದ್ದ ಹಣ್ಣು ಜಾಸ್ತಿಯಾಯಿತು. ಹೋಳು ತುಂಬಿದ ಕಪ್ಪನ್ನು ಒಮ್ಮೆ ಪಕ್ಕದಿಂದ ನೋಡಿ. ಹೋಳಿನ ನಡುವೆಲ್ಲ ಸಂದು, ಸಂದಿನ ತುಂಬ ಗಾಳಿ. ಅದಕ್ಕೇ ಒಂದು ಕಪ್ ಅನಾನಸ್ ಹೋಳು ತೂಗುವುದು ಸುಮಾರು 165 ಗ್ರಾಂ. ಅದನ್ನೇ ರುಬ್ಬಿ ತುಂಬಿದರೆ ಸಂದು ಮುಚ್ಚಿ 240 ಗ್ರಾಂ ಹತ್ತಿರ ಬರುತ್ತದೆ. ಪುಸ್ತಕದವರು ಬಯಸಿದ್ದು ಅರ್ಧ ಕಿಲೋ ಹಣ್ಣು, ನೀವು ಹಾಕಿದ್ದು ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ, ಸಕ್ಕರೆ ಮಾತ್ರ ಅದೇ 300 ಗ್ರಾಂ. ಹಣ್ಣಿನ ನೀರನ್ನು ಹಿಡಿದಿಟ್ಟುಕೊಂಡು ಬೂಸ್ಟು ಬರದ ಹಾಗೆ ಕಾಯುವುದು ಸಕ್ಕರೆಯೇ ಅಲ್ವಾ, ಅದು ಸಾಲದೆ ಹೋಯಿತು.

ಸಂತೆಗೆ ಹೋಗುವಾಗ ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಅನಾನಸ್‌ನ ಜುಟ್ಟು, ಸಿಪ್ಪೆ, ಕಣ್ಣು, ನಡುವಿನ ದಿಂಡು ಎಲ್ಲ ತೆಗೆದರೆ ಕೈಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಅರ್ಧ ಕಿಲೋ ಹೋಳು ಬೇಕಾದರೆ ಒಂದು ಕಿಲೋಗೆ ಕಮ್ಮಿ ಇಲ್ಲದ ಹಣ್ಣು ತನ್ನಿ.

ಬಾಳೆಹಣ್ಣಿನದೂ ಇದೇ ಕಥೆ. ಬಿಲ್ಲೆ ಮಾಡಿದ್ದು ಕಪ್ಪಿಗೆ 150 ಗ್ರಾಂ, ಕಿವುಚಿದ್ದು 225. ಬನ್ಸ್ ಹಿಟ್ಟು ಒಂದು ದಿನ ಹದವಾಗಿ, ಇನ್ನೊಂದು ದಿನ ಕೈಗೆ ಅಂಟುತ್ತಿದ್ದರೆ ಮೊದಲು ಇದನ್ನು ನೋಡಿ.

ಈ ಅಂಕಿಗಳೆಲ್ಲ 240 ಮಿಲಿ ಕಪ್ಪಿನವು. ನಿಮ್ಮ ಸ್ಟೀಲ್ ಲೋಟ ಎಷ್ಟು ಹಿಡಿಯುತ್ತದೆ ಅಂತ ತಿಳಿಯಬೇಕಾದರೆ ಖಾಲಿ ಲೋಟವನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಂಠದವರೆಗೆ ನೀರು ತುಂಬಿ, ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಮಿಲಿ. ಆಮೇಲೆ ಅದೇ ಲೋಟದಲ್ಲಿ ನೀವು ಹೆಚ್ಚುವ ಗಾತ್ರದ ಹೋಳು ತುಂಬಿ ತೂಗಿ, ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಪುಸ್ತಕದ ಅಂಕಿಗಿಂತ ನಿಮ್ಮ ಕೈಯ ಅಂಕಿಯನ್ನೇ ನಾನು ನಂಬುತ್ತೇನೆ. ದಪ್ಪ ಹೋಳಿಗೂ ಸಣ್ಣ ಹೋಳಿಗೂ ತೂಕದಲ್ಲಿ ವ್ಯತ್ಯಾಸ ಬಂದೇ ಬರುತ್ತದೆ.

ಹಾಗಂತ ಎಲ್ಲದಕ್ಕೂ ತಕ್ಕಡಿ ಬೇಡ. ಹಲಸಿನ ಹಣ್ಣಿನ ಕಡುಬಿಗೆ ಅಕ್ಕಿ ರವೆ ಅಳೆದ ಲೋಟದಲ್ಲೇ ರುಬ್ಬಿದ ಹಣ್ಣನ್ನೂ ಅಳೆಯುತ್ತೀರಲ್ಲ, ಅದು ಹಾಗೇ ಇರಲಿ. ಲೋಟ ಬದಲಾಗದಿದ್ದರೆ, ಹಣ್ಣನ್ನು ಯಾವಾಗಲೂ ರುಬ್ಬಿಯೇ ಅಳೆದರೆ, ಹದ ತಪ್ಪುವುದಿಲ್ಲ. ಜಾಮ್, ಮುರಬ್ಬ, ಕೇಕಿಗೆ ಮಾತ್ರ ತೂಗಲೇಬೇಕು.

ಪ್ರಶ್ನೆ: ಅಂಕೋಲೆಯ ಕರಿ ಈಶಾಡ್ ಮಾವಿನ ರಸ 250 ಗ್ರಾಂ ಬೇಕು. ಮನೆಯಲ್ಲಿ ತಕ್ಕಡಿ ಇಲ್ಲ. ಎಷ್ಟು ಲೋಟ ಹಾಕಲಿ?

ಉತ್ತರ: ರಸದಲ್ಲಿ ಸಂದಿಲ್ಲ. ಹಾಗಾಗಿ ಗ್ರಾಂಗೂ ಮಿಲಿಗೂ ಹೆಚ್ಚು ಅಂತರ ಇಲ್ಲ, 250 ಮಿಲಿ ಹಿಡಿಯುವ ಒಂದು ಲೋಟ ಸಾಕು. ಮಿಕ್ಸಿಯಿಂದ ತೆಗೆದ ಕೂಡಲೇ ಅಳೆಯಬೇಡಿ, ನೊರೆಯೂ ಲೋಟದಲ್ಲಿ ಜಾಗ ಹಿಡಿಯುತ್ತದೆ. ಅದು ಇಳಿಯುವ ತನಕ ಬಿಟ್ಟು ಆಮೇಲೆ ಅಳೆಯಿರಿ.